ಮುಸ್ಲಿಯ ಜಾಗ ಹೇಳುವುದಿಲ್ಲ

ಆಗಸ್ಟ್ ೩, ಭಾನುವಾರ. ಬಸವಕಲ್ಯಾಣ

"ಹೆಸರು ಹೇಳಿದರೆ ಹೂವು ನಮ್ಮದಾಗುತ್ತದೆ." ಎಲ್ಲೋ ಓದಿದ ಸಾಲು, ಹೀಗೇ ಇತ್ತೋ ಇಲ್ಲವೋ. ಇದ್ದರೂ ಒಪ್ಪಲಾರೆ.

ಮುಡಬಿ ಕಡೆಯ ಗುಡ್ಡದ ಕಾಡಿನಲ್ಲಿ ಕಂಡ ಬಿಳಿ ಹೂವಿನ ಫೋಟೊವನ್ನು ಓಣಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ತೋಟದ ಮಳೆ ಲಿಲ್ಲಿ ಎಂದರು ಗುಂಪಿನವರು. ಆ ಲಿಲ್ಲಿಗೆ ದಂಟಿಗೊಂದೇ ಹೂವು, ಇದಕ್ಕೆ ದಂಟಿನುದ್ದಕ್ಕೂ ಹೂವು. ಇದು ಸಫೇದ್ ಮುಸ್ಲಿ ಎಂದು ಬರೆದೆ. ತಕ್ಷಣ ಗಂಡಸರೆಲ್ಲ ಜಾಗ ಕೇಳತೊಡಗಿದರು. ಬೇರು ತಾಕತ್ತಿಗೆ ಒಳ್ಳೆಯದಂತೆ! ಪ್ರತಿ ಮಳೆಗಾಲ ಅದೇ ಬೇರಿನಿಂದ ಚಿಗುರುವ ಗಿಡ, ಅಗೆದರೆ ಮುಗಿಯಿತು. ಹೇಳುವುದಿಲ್ಲ ಎಂದೆ. ಸೊಕ್ಕು ಎಂದರು. ಇರಲಿ, ಸೊಕ್ಕೇ.

ಸಂಜೆ ಪಕ್ಕದ ಮನೆಯ ಸುಮೇಧಾ ಬಾಗಿಲಿಗೆ ಬಂದಳು. "ಅಕ್ಕಾ, ಆ ಬೇರು ಎಲ್ಲದ ಅಂತ ಕೇಳ್ಕೊಂಡು ಬಾ ಅಂದಾರ್ರಿ ನಮ್ಮನಿಯವರು." ಆಮೇಲೆ ಸೆರಗು ಬಾಯಿಗೆ ಹಿಡಿದು ಮೆಲ್ಲಗೆ, "ಹೇಳಬ್ಯಾಡ್ರಿ. ಈಗಿದ್ದ ತಾಕತ್ತೇ ನನಗ ಸಾಕಾಗ್ಯದ."