ಪರದೆಯಲ್ಲಿ ನಡೆದವಳು

ಮಿಜಾರು, ಬುಧವಾರ

ಉಮ್ಮಾ, ಸಲಾಂ. ಫೋನಿನಲ್ಲಿ ಹೇಳಿದರೆ ನಿನ್ನ ಮೊಮ್ಮಗಳು ಸಮೀನಾ ಕೇಳಿಸಿಕೊಳ್ಳುತ್ತಾಳೆ, ಅದಕ್ಕೆ ಈ ಕಾರ್ಡು.

ಇಲ್ಲಿಯ ಆಸ್ಪತ್ರೆಯಲ್ಲಿ ಅವಳ ಕಾಲಿಗೆಲ್ಲ ಹೊಳೆಯುವ ಸಣ್ಣ ಗುಂಡುಗಳನ್ನು ಅಂಟಿಸಿ ನಡೆಸಿದರು. ಪರದೆಯಲ್ಲಿ ಮೈ ಕಾಣಲಿಲ್ಲ. ಬರೀ ಚುಕ್ಕೆಗಳು ಅವಳ ಹಾಗೆಯೇ ಕಾಲೆಳೆಯುತ್ತ ಹೋದವು. ಆಮೇಲೆ ಡಾಕ್ಟರು, "ಸೆರೆಬ್ರಲ್ ಪಾಲ್ಸಿ ಇಲ್ಲದಿದ್ರೆ ಇವಳು ಹೀಗೆ ನಡೀತಿದ್ದಳು, ನೋಡಿ" ಎಂದು ಏನೋ ಒತ್ತಿದರು. ಅದೇ ಚುಕ್ಕೆಗಳು ನೆಟ್ಟಗಾಗಿ ನಮ್ಮ ಕಡೆಗೇ ನಡೆದುಬಂದವು.

ಸಮೀನಾ ನನ್ನ ಕೈ ಹಿಡಿದು, "ಉಮ್ಮಾ, ಇನ್ನು ಅವಳನ್ನು ಮನೆಗೆ ಕರ್ಕೊಂಡು ಹೋಗ್ತೀಯಾ?" ಎಂದಳು.

ಇಲ್ಲ ಎಂದೆ, ಪರದೆಯಿಂದ ಕಣ್ಣು ತೆಗೆಯದೆ.

ಊಟಕ್ಕೆ ತೊಂದರೆಯಿಲ್ಲ. ನಿನ್ನ ಶುಗರ್ ಮಾತ್ರೆ ಬಿಡಬೇಡ. ಪರದೆಯವಳು ಬಂದಾಳೆಂದು ಸಮೀನಾ ಈಗ ಹಗಲಲ್ಲೂ ಕೋಣೆಯ ಚಿಲಕ ಹಾಕಿಸುತ್ತಾಳೆ. ಕರೆಯುತ್ತಿದ್ದಾಳೆ, ಹೋಗುತ್ತೇನೆ.

ಶಾಹಿದಾ