ಹಡಗಿಗೆ ಹೊರಟ ತೋಪು

ಹಂದನಕೆರೆ,
೧೪ ಮೇ ೨೦೨೫, ಸಂಜೆ

ಪ್ರೀತಿಯ ಅಣ್ಣಾ,

ಆರೋಗ್ಯವಾಗಿದ್ದೀಯಾ? ಎಂಜಿನ್ ರೂಮಿನ ಹೊಗೆಗೆ ಹತ್ತಿದ ಕೆಮ್ಮು ಇಳಿಯಿತಾ? ನೀನು ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸುತ್ತೀಯೋ ಇಲ್ಲವೋ ಎಂದು ಅಮ್ಮ ದಿನಾ ಕೇಳುತ್ತಾಳೆ. ಸುತ್ತ ಅಷ್ಟೊಂದು ಉಪ್ಪುನೀರು ಇಟ್ಟುಕೊಂಡು ಸೋಮಾರಿತನ ಮಾಡಬೇಡ. ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಆದರೆ ನಾನು ಸಿಟ್ಟಿನಲ್ಲಿದ್ದೇನೆ. ಫೋನಿನಲ್ಲಾದರೆ ಅರ್ಧಕ್ಕೇ "ಆಯ್ತು ಬುಡು ನಿಸರ್ಗ" ಎಂದು ಬಾಯಿ ಮುಚ್ಚಿಸುತ್ತೀಯ. ಅದಕ್ಕೇ ಕಾಗದದಲ್ಲಿ ಬರೆದು ಫೋಟೋ ತೆಗೆದು ಕಳಿಸುತ್ತಿದ್ದೇನೆ. ನಿನ್ನ ಹಡಗು ಸಿಂಗಪುರದಲ್ಲಿ ನಿಂತಿದೆಯಲ್ಲ, ನೆಟ್ ಸಿಗುತ್ತದೆ, ಪೂರ್ತಿ ಓದು.

ಹೋದ ತಿಂಗಳು ನೀನು ಅಪ್ಪನಿಗೆ ಹೇಳಿದೆ, ಇನ್ನು ಮುಂದೆ ಹಡಗುಗಳು ಗಿಡದ ಎಣ್ಣೆಯಲ್ಲಿ ಓಡುತ್ತವೆ, ಹೊಗೆ ಕಮ್ಮಿ, ಕಡಲಿಗೂ ಒಳ್ಳೆಯದು, ಎಣ್ಣೆ ಕಂಪನಿಯವರು ಬಂದರೆ ತೋಪು ಬಿಟ್ಟುಕೊಡಿ ಎಂದು. ಅವರು ಬಂದೇಬಿಟ್ಟರು. ತೆಂಗಿನ ತೋಟದ ಬೆನ್ನಿಗಿರುವ ನಮ್ಮ ಹೊಂಗೆತೋಪನ್ನು ಪೂರ್ತಿ ಬೋಳಿಸಿ, ಬೇಗ ಕಾಯಿ ಬಿಡುವ ಯಾವುದೋ ಹೊಸ ಎಣ್ಣೆಗಿಡ ಹಾಕಿಸುತ್ತಾರಂತೆ. ಎಣ್ಣೆ ಕೊಡುವ ಮರವನ್ನೇ ಕಡಿದು ಎಣ್ಣೆಗಿಡ ನೆಡುವ ಬುದ್ಧಿವಂತರನ್ನು ನಾನು ನೋಡಿದ್ದು ಇದೇ ಮೊದಲು! ಹೊಂಗೆಗೆ ನಾವು ಒಂದು ಬಿಂದಿಗೆ ನೀರು ಹೊಯ್ದವರಲ್ಲ. ಹೊಸ ಗಿಡಕ್ಕೆ ತೆಂಗಿನ ಬೋರಿನಿಂದಲೇ ಡ್ರಿಪ್ ಎಳೆಯಬೇಕು. ಬೇಸಿಗೆಯಲ್ಲಿ ಆ ಬೋರು ನಿನಗಿಂತ ಜಾಸ್ತಿ ಕೆಮ್ಮುತ್ತದೆ. ತೆಂಗಿನ ಬುಡಕ್ಕೆ ಹಾಕುವ ಹೊಂಗೆಸೊಪ್ಪು, ಗಾಣದಿಂದ ತಿರುಗಿ ಬರುವ ಹಿಂಡಿ, ಎರಡೂ ಇಲ್ಲದೆ ಮರ ಏನು ತಿನ್ನಬೇಕು? ಕಡಿದ ಹೊಂಗೆಯೆಲ್ಲ ಇಟ್ಟಿಗೆಗೂಡಿಗೆ ಹೋಗುತ್ತದೆ. ಅಲ್ಲಿ ಏಳುವ ಹೊಗೆ ಯಾವ ಹಡಗಿನದು ಅಣ್ಣಾ?

ಹಡಗು ಹೊಂಗೆಣ್ಣೆಯಲ್ಲಿ ಓಡುವುದು ಬೇಡ ಅನ್ನುತ್ತಿಲ್ಲ. ನಿನ್ನ ಎದೆ ಹಗುರಾಗುವುದಾದರೆ ಉದುರಿದ ಕಾಯಿಯನ್ನೆಲ್ಲ ನಾನೇ ಆಯ್ದು ಕೊಡುತ್ತೇನೆ. ಹಿಂಡಿ ನಮಗೆ ಬರಲಿ, ಮರ ನಿಂತಿರಲಿ. ಇದನ್ನೇ ಕಂಪನಿಯ ಏಜೆಂಟ್ ಪರಮೇಶ್‌ಗೆ ಹೇಳಿದೆ. "ನಿಮ್ಮಣ್ಣ ಹಡಗಲ್ಲೇ ಇರೋರು ಕಣ್ರೀ, ಅವ್ರಿಗಿಂತ ನಿಮ್ಗೆ ಗೊತ್ತಾ?" ಎಂದು ನಕ್ಕರು. ಅಪ್ಪನೂ ತಲೆಯಾಡಿಸಿದರು. ನನಗೆ ಅಳು ಬಂತು. ದಿನಾ ಅಪ್ಪನ ಜೊತೆ ತೋಟದಲ್ಲಿ ಗೇಯುವವಳು ನಾನು, ಮಾತು ನಡೆಯುವುದು ನಿನ್ನದು. ಪುಣ್ಯಕ್ಕೆ ಅಪ್ಪ ಇನ್ನೂ ಮರಗಳ ಅಪ್ಪಣೆ ಕೇಳಿಲ್ಲ. ಕಡಿಯುವ ಹಿಂದಿನ ಸಂಜೆ ಬುಡಕ್ಕೆ ವಿಭೂತಿ ಹಚ್ಚಿ ಕೈಮುಗಿಯದೆ ನಮ್ಮ ಮನೆಯಲ್ಲಿ ಯಾರೂ ಹಸಿಮರಕ್ಕೆ ಕೊಡಲಿ ಎತ್ತುವುದಿಲ್ಲವಲ್ಲ. ಆ ಒಂದು ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ಬಿಸಿನೀರು ಕುಡಿ, ಎಂಜಿನ್ ಹತ್ತಿರ ಬಾಯಿಗೆ ಬಟ್ಟೆ ಕಟ್ಟಿಕೋ.

ನಿನ್ನ ಜಗಳಗಂಟಿ ತಂಗಿ,
ನಿಸರ್ಗ

ತಾ.ಕ.: ಫೋಟೋ ತೆಗೆಯಲು ಹೊರಗೆ ಬಂದೆ. ಅಪ್ಪ ತೋಪಿನ ಕಡೆಯಿಂದ ಬರುತ್ತಿದ್ದರು, ಬೆರಳೆಲ್ಲ ವಿಭೂತಿ. ನಾಳೆ ಬೆಳಿಗ್ಗೆಯೇ ಗರಗಸದವರು ಬರುತ್ತಾರಂತೆ. ಅಪ್ಪ ಜಗಲಿಯ ಮೇಲೆ ಕೂತುಬಿಟ್ಟಿದ್ದಾರೆ, ಅಮ್ಮ ಊಟಕ್ಕೆ ಕರೆದರೂ ಏಳುತ್ತಿಲ್ಲ. "ನಂಗೂ ಮನ್ಸಿಲ್ಲ ಕಣವ್ವ. ಆ ಹುಡ್ಗ ಅಲ್ಲಿ ಹೊಗೆ ಕುಡೀತಾ ಕೂತವ್ನೆ. ಅವನು ಕೇಳಿದ್ದಕ್ಕೆ ಎಂಗೆ ಇಲ್ಲ ಅನ್ಲಿ?" ಎಂದರು. ಅಣ್ಣಾ, ಈಗಲೇ ಫೋನ್ ಮಾಡು. ನನಗಲ್ಲ, ಅಪ್ಪನಿಗೆ.