ನಾಳೆ ಹವಾ ಹೆಂಗದ?

ಅತ್ತೆ,

ನಿಮಗೆ ಕಾಗದ ಬರೆಯುವ ಸಂದರ್ಭ ನಮ್ಮ ನಡುವೆ ಬಂದದ್ದೇ ಇಲ್ಲ. ಒಂದೇ ಮನೆಯಲ್ಲಿದ್ದವರು, ಅಡುಗೆಮನೆಯಿಂದ ಕೂಗಿದರೆ ಪಡಸಾಲೆಗೆ ಕೇಳುತ್ತಿತ್ತು. ಈಗ ಕೂಗಿದರೆ... ಇರಲಿ ಬಿಡಿ. ಮೊನ್ನೆ ನಿಮ್ಮ ಮೊದಲ ವರ್ಷದ ಶ್ರಾದ್ಧ ಆಯಿತು. ಅಂದು ನಡೆದದ್ದನ್ನು ನಿಮಗೆ ಹೇಳದೆ ನನಗೆ ಸಮಾಧಾನವಿಲ್ಲ. ನಿಮ್ಮ ಮಗಳು ಸುಧಾ ಹೇಳತೊಡಗಿದರೆ ಅರ್ಧ ಅಳುವಿನಲ್ಲೇ ಹೋಗುತ್ತದೆ. ನಿಮ್ಮ ಮಗ ಗುರು ಬಾಯಿ ಬಿಡುವುದೇ ಇಲ್ಲ. ಕೊನೆಗೆ ಎಲ್ಲ ಕೆಲಸದಂತೆ ಇದೂ ಸೊಸೆಯ ತಲೆಗೇ ಬಂತು.

ನೀವು ಧಾರವಾಡದಿಂದ ಸಮುದ್ರ ದಾಟಿ ಈ ವಾಲ್ನಟ್ ಕ್ರೀಕಿಗೆ ಬಂದ ಮೊದಲ ಡಿಸೆಂಬರ್ ನೆನಪಿದೆಯೇ? ಬೆಳಿಗ್ಗೆ ಟೀವಿಯ ಭೂಪಟದಲ್ಲಿ ನಮ್ಮ ಊರಿನ ಪಕ್ಕ ನಲವತ್ತು ಎಂದು ಬರೆದದ್ದನ್ನು ಕಂಡಿರಿ. ನಾನು ಆಫೀಸಿಗೆ ಹೊರಡುವಷ್ಟರಲ್ಲಿ ದೊಡ್ಡ ಪಾತ್ರೆಯಲ್ಲಿ ಸಾಬೂದಾಣಿ ಕುದಿಯುತ್ತಿತ್ತು, ಮನೆಯ ಹಿಂದಿನ ಮರದ ಡೆಕ್ಕಿನ ಮೇಲೆ ನಿಮ್ಮ ಹಳೆಯ ಸೀರೆ ಹಾಸಿತ್ತು. "ಅತ್ತೆ, ಆಚೆ ಚಳಿ ಇದೆಯಲ್ಲಾ, ಸಂಡಿಗೆ ಹೇಗೆ ಒಣಗತ್ತೆ?" ಎಂದೆ. "ಈಗ ಮುಂಜಾನಿ ಅದವಾ, ಏರ್ತದ. ನಲವತ್ತಕ್ಕ ಹೋಗ್ತದಂತ ಟೀವಿಯೊಳಗ ತೋರ್ಸ್ಯಾರ. ನಮ್ಮಲ್ಲೆ ಏಪ್ರಿಲ್‌ದಾಗ ಸೈತ ಇಷ್ಟ ಇರಂಗಿಲ್ಲ," ಎಂದಿರಿ. ನನಗೆ ರೈಲು ಹಿಡಿಯುವ ಅವಸರ. ಸಂಜೆ ಬಂದು ನೋಡಿದರೆ ಮಂಜಿನಲ್ಲಿ ಸೀರೆಯೆಲ್ಲ ಒದ್ದೆ, ಸಂಡಿಗೆ ಇಟ್ಟದ್ದಕ್ಕಿಂತ ದೊಡ್ಡದಾಗಿ ಊದಿಕೊಂಡಿದ್ದವು. ಇಲ್ಲಿಯ ಡಿಗ್ರಿಯೇ ಬೇರೆ, ಇಲ್ಲಿ ನಲವತ್ತು ಅಂದರೆ ಮೈ ನಡುಗುವ ಚಳಿ ಎಂದು ಗುರು ಬಿಡಿಸಿ ಹೇಳಿದಾಗ ನೀವು ಸ್ವಲ್ಪ ಹೊತ್ತು ಟೀವಿಯನ್ನೇ ದುರುಗುಟ್ಟಿ ನೋಡಿದಿರಿ. ಆ ಚಳಿಗಾಲವಿಡೀ ನಾವು ಓವನ್ನಿನಲ್ಲಿ ಒಣಗಿಸಿದ ಸಂಡಿಗೆ ತಿಂದೆವು.

ಅಂದಿನಿಂದ ಹವಾಮಾನ ವರದಿಯನ್ನು ನೀವು ಗುತ್ತಿಗೆ ಹಿಡಿದವರಂತೆ ಆಡತೊಡಗಿದಿರಿ. ಸಂಜೆ ಚಹಾ ಹಿಡಿದು ಕೂತರೆ ಯಾರೂ ಮಾತಾಡುವಂತಿಲ್ಲ. ಸರಿಯಾಗಿ ಇಂಗ್ಲಿಷ್ ಬಾರದ ನಿಮ್ಮ ಬಾಯಲ್ಲಿ 'ವಿಂಡ್ ಅಡ್ವೈಸರಿ', 'ಸ್ನೋ ಲೆವೆಲ್' ಎಂಬ ಮಾತುಗಳು ಮಾತ್ರ ಉಪ್ಪಿಟ್ಟು, ಚಟ್ನಿ ಎಂಬಷ್ಟು ಸಲೀಸಾಗಿ ಬರುತ್ತಿದ್ದವು. ಆ ಭೂಪಟದಲ್ಲಿ ನಿಮಗೆ ಊರುಗಳು ಕಾಣುತ್ತಲೇ ಇರಲಿಲ್ಲ. ಓಕ್ಲ್ಯಾಂಡ್ ಎಂದರೆ ಸುರಂಗದಾಚೆಯ ಆಸ್ಪತ್ರೆಯಲ್ಲಿ ಡ್ಯೂಟಿ ಮಾಡುವ ಡಾಕ್ಟರ್ ಮಗ, ಮಿಲ್ಪಿಟಾಸ್ ಎಂದರೆ ಸುಧಾ. ವರದಿ ಮುಗಿದ ಕೂಡಲೇ ಫೋನು. "ಸುಧಾ, ನಾಳೆ ಗಾಳಿ ಭಾಳ ಅದ, ಫ್ರೀವೇದಾಗ ಲಾರಿ ಬಾಜೂಕ ಹೋಗಬ್ಯಾಡ." "ಗುರು, ಸುರಂಗದ ಆಚೀಕಡೆ ಮಳಿ ಅದ, ನಿಧಾನ ಬಾ." ಎಲ್ಲರಿಗೂ ಕೊನೆಯ ಮಾತು ಒಂದೇ, ಸ್ವೆಟರ್ ಹಾಕ್ಕೊ. ನಾವು ನಗುತ್ತಿದ್ದೆವು. ಅಷ್ಟೊಂದು ನಗಬಾರದಿತ್ತೇನೋ, ಆದರೆ ನಿಮಗೂ ಅದರಲ್ಲಿ ಖುಷಿಯಿತ್ತಲ್ಲವೇ?

ವರದಿಯಲ್ಲಿ ಹಿಮ ಎಂಬ ಮಾತು ಬಂದ ಸಂಜೆ ನಿಮ್ಮ ಮುಖವೇ ಬೇರೆಯಾಗುತ್ತಿತ್ತು. ಹಿಮ ಬೀಳುವುದನ್ನು, ಬಿದ್ದ ಹಿಮವನ್ನು, ಒಮ್ಮೆಯೂ ಕಣ್ಣಾರೆ ಕಂಡವರಲ್ಲ ನೀವು. "ಮುಂದಿನ ವೀಕೆಂಡು ಟಾಹೋ ಗುಡ್ಡಕ್ಕ ಕರಕೊಂಡ ಹೋಗ್ತೀನಿ, ಅವ್ವಾ," ಎಂದು ಗುರು ಪ್ರತಿ ಚಳಿಗಾಲ ಹೇಳುತ್ತಿದ್ದರು. ಒಮ್ಮೆ ಡ್ಯೂಟಿ ಬೀಳುತ್ತಿತ್ತು, ಇನ್ನೊಮ್ಮೆ ದಾರಿ ಮುಚ್ಚುತ್ತಿತ್ತು, ಮತ್ತೊಮ್ಮೆ ನೀವೇ ವರದಿ ನೋಡಿ ಬೇಡವೆನ್ನುತ್ತಿದ್ದಿರಿ. "ಅಷ್ಟ ದೂರ ಯಾಕ? ಎದುರಿಗೇ ಬೆಟ್ಟ ಅದ. ಅದರ ಮ್ಯಾಲೆ ಬೀಳ್ತದಂತ. ನಾ ಇಲ್ಲೇ ಕೂತ ನೋಡ್ತೀನಿ," ಎಂದು ಅಡುಗೆಮನೆಯ ಕಿಟಕಿಯ ಮುಂದೆ ಬೆತ್ತದ ಕುರ್ಚಿ ಹಾಕಿಸಿಕೊಂಡು ಡಯಾಬ್ಲೋ ಬೆಟ್ಟವನ್ನು ಕಾಯುತ್ತಿದ್ದಿರಿ. ಬೆಟ್ಟಕ್ಕೆ ಮೋಡ ಮುಸುಕುತ್ತಿತ್ತು. ಮೋಡ ಸರಿಯುವ ಹೊತ್ತಿಗೆ ಇದ್ದಷ್ಟು ಹಿಮ ಕರಗಿರುತ್ತಿತ್ತು.

ಸುಧಾಳ ಬಾಣಂತನದ ವರ್ಷ ಬೆಟ್ಟ ನಿಜವಾಗಿಯೂ ಬೆಳ್ಳಗಾಯಿತಲ್ಲ! ನೀವು ಆಗ ಮಿಲ್ಪಿಟಾಸಿನಲ್ಲಿ, ಬಾಣಂತಿಗೆ ಗಾಳಿ ಸೋಕೀತೆಂದು ಪರದೆ ಕೂಡ ಸರಿಸದೆ ಕೂತಿದ್ದಿರಿ. ನಾನು ಖುಷಿಯಲ್ಲಿ ಫೋನು ಮಾಡಿದರೆ, "ಫೋಟೋ ಕಳಸಬ್ಯಾಡವಾ. ನಾ ಬಂದ ನೋಡ್ತೀನಿ," ಎಂದುಬಿಟ್ಟಿರಿ. ಮಗುವಿಗೆ ನೀರೆರೆಯುವುದು ಬಿಟ್ಟು ಬರುವುದಾದರೂ ಹೇಗೆ? ನೀವು ಬಂದಾಗ ಬೆಟ್ಟದಲ್ಲಿ ಹಸಿರು ಹುಲ್ಲು. ಕುರ್ಚಿಯಲ್ಲಿ ಕೂತು, "ಮುಂದಿನ ವರ್ಷ ಬೀಳ್ತದ ಬಿಡು," ಎಂದು ಬಟಾಣಿ ಸುಲಿದಿರಿ.

ಕಳೆದ ಚಳಿಗಾಲ, ನೀವು ಹೋಗುವ ಹಿಂದಿನ ಸಂಜೆಯೂ ವರದಿ ತಪ್ಪಿಸಲಿಲ್ಲ. "ನಾಳೆ ಮಂಜ ಭಾಳ ಅದ, ಲಗೂನ ಬಿಡು," ಎಂದು ಗುರುವಿಗೆ ಹೇಳಿ ಮಲಗಿದಿರಿ. ಬೆಳಿಗ್ಗೆ ಏಳಲಿಲ್ಲ. ಆಮೇಲೆ ನಿಮ್ಮ ಮಗ ಬೆತ್ತದ ಕುರ್ಚಿಯನ್ನು ಗರಾಜಿಗೆ ಹೊತ್ತುಹಾಕಿದರು. ಟೀವಿಯಲ್ಲಿ ಆ ಭೂಪಟ ಬಂದರೆ ಎದ್ದು ಹೋಗುತ್ತಿದ್ದರು, ನಾವೂ ಹಾಕುವುದನ್ನು ಬಿಟ್ಟೆವು. ಒಂದು ದಿನ ನಾನು ಸ್ಟೇಷನ್ನಿನಿಂದ ಮನೆಯವರೆಗೆ ನೆನೆದುಕೊಂಡೇ ಬಂದೆ. ಫೋನಿನಲ್ಲಿ ಹವಾಮಾನ ಇರುತ್ತದೆ, ಗೊತ್ತು. ಆದರೆ ಮಳೆ ಬರುತ್ತದೆ ಎಂದು ಯಾರೂ ಹೇಳಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಅತ್ತುಬಿಟ್ಟೆ. ನನ್ನ ಸ್ವಂತ ತಾಯಿಗೂ ನಾನು ಹಾಗೆ ಅತ್ತವಳಲ್ಲ.

ಮೊನ್ನೆ ಶ್ರಾದ್ಧದ ದಿನ ಎಂಥ ಹವಾ ಬಂತೆಂದರೆ, ನೀವಿದ್ದರೆ ಫೋನು ಕೆಳಗಿಡುತ್ತಿರಲಿಲ್ಲ. ಅಲಾಸ್ಕಾ ಕಡೆಯ ಚಳಿ, ಸೇತುವೆಗಳ ಮೇಲೆ ಬಿರುಗಾಳಿ, ಕೆಳಗೆಲ್ಲ ಮಳೆ, ಬೆಟ್ಟಗಳಲ್ಲಿ ಹಿಮ. ತಿಥಿಯನ್ನು ಮುಂದೂಡಲು ಬರುತ್ತದೆಯೇ? ಪುರೋಹಿತರು ಬರಲಾಗದೆ ಫೋನಿನ ಪರದೆಯಲ್ಲೇ ಮಂತ್ರ ಹೇಳಿದರು. ಸುಧಾ ಮಿಲ್ಪಿಟಾಸಿನಿಂದ ಹೇಗೋ ಬಂದು ತಲುಪಿದಳು, ಲಾರಿಗಳ ಪಕ್ಕದಲ್ಲೇ ಬಂದಳಂತೆ, ಬೈಯಬೇಡಿ. ಗುರು ಪಿಂಡವನ್ನು ಬಾಳೆಲೆಯಲ್ಲಿ ಡೆಕ್ಕಿನ ಕಟ್ಟೆಯ ಮೇಲಿಟ್ಟು, ಮಳೆಗೆ ಕರಗದ ಹಾಗೆ ಅದಕ್ಕೆ ಕೊಡೆ ಹಿಡಿದು ನಿಂತರು. ತಾವು ಮಾತ್ರ ಒದ್ದೆ ಪಂಚೆಯಲ್ಲಿ. ಎದುರಿನ ರೆಡ್‌ವುಡ್ ಮರದಲ್ಲಿ ಕಾಗೆಗಳೇನೋ ಇದ್ದವು, ಒಂದೂ ಇಳಿಯಲಿಲ್ಲ.

ಕಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದರ್ಥ, ಅದೇನೆಂದು ಊಹಿಸಿ ಮಾತು ಕೊಡಬೇಕು ಎಂದು ನೀವೇ ಹೇಳುತ್ತಿದ್ದಿರಲ್ಲ. ಬಾಗಿಲಲ್ಲಿ ನಿಂತು ಒಬ್ಬೊಬ್ಬರೂ ಕೊಟ್ಟೆವು. "ಅವ್ವಾ, ಇನ್ನಮ್ಯಾಲೆ ಕಾರ್ ಜೋರ ಓಡ್ಸಂಗಿಲ್ಲ, ಬಾರವಾ," ಎಂದಳು ಸುಧಾ. ನಿಮ್ಮ ಕಬ್ಬಿಣದ ಬಾಣಲೆಯನ್ನು ಯಾರಿಗೂ ದಾನ ಕೊಡುವುದಿಲ್ಲ ಎಂದೆ ನಾನು. ನಿಮ್ಮ ಮೊಮ್ಮಗಳು, ನಮ್ಮ ಮಗಳು ಅನು, "ಅಜ್ಜಿ, ಐ ಪ್ರಾಮಿಸ್, ಐ ವಿಲ್ ಸ್ಪೀಕ್ ಕನ್ನಡ," ಎಂದು ಇಂಗ್ಲಿಷಿನಲ್ಲೇ ಮಾತು ಕೊಟ್ಟಳು. ಕಾಗೆ ಕದಲಲಿಲ್ಲ. ಕೊನೆಗೆ ಸುಧಾ ತಡೆಯಲಾರದೆ, "ಅಣ್ಣಾ, ನೀ ಹೇಳು. ಹಿಮಾ ತೋರಸ್ತೀನಿ ಅಂತ ಅಂದಿದ್ದಿಲ್ಲೇನು? ಅದ ಉಳದದ ನೋಡು," ಎಂದುಬಿಟ್ಟಳು.

ಗುರು ತಿರುಗಿ ನೋಡಲಿಲ್ಲ. "ಈಗ ಯಾರಿಗಂತ ತೋರಸ್ಲಿ, ಸುಧಾ?" ಎಂದರು.

ಅತ್ತೆ, ಆ ಮನುಷ್ಯ ಈ ವರ್ಷವಿಡೀ ಹೊತ್ತು ತಿರುಗಿದ್ದು ಅದೊಂದನ್ನೇ ಎಂದು ನನಗೆ ಆಗ ಗೊತ್ತಾಯಿತು. ಪಿಂಡವನ್ನು ನೀರಿಗೆ ಬಿಡಬಹುದು, ದೋಷವಿಲ್ಲ ಎಂದು ಪುರೋಹಿತರು ಹೇಳಿದರು. ಗುರು ಕೇಳಿಸಿಕೊಳ್ಳಲಿಲ್ಲ. ತುಟಿ ನೀಲಿಯಾಗುತ್ತಿತ್ತು, ಕೊಡೆ ಗಾಳಿಗೆ ಮಗುಚುತ್ತಿತ್ತು, ಡಾಕ್ಟರು ಅಲ್ಲಾಡಲೊಲ್ಲರು. ನನಗೆ ಸಿಟ್ಟೇ ಬಂತು. ಹೊರಗೆ ಹೋಗಿ ತೋಳು ಹಿಡಿದು ಹೇಳಿದೆ: "ಗುರು, ಸಾಕು ಒಳಗೆ ಬಾ. ಇಂಥ ಗಾಳೀಲಿ ಅತ್ತೆ ಯಾರನ್ನಾದ್ರೂ ಮನೆಯಿಂದ ಆಚೆ ಬಿಟ್ಟಿದ್ರಾ? ಅವರೇ ಹೇಗೆ ಬರ್ತಾರೆ?"

ಅವರಿಗೆ ಮೊದಲು ನಗು ಬಂತು. ಆ ನಗು ಅಲ್ಲೇ ಅಳುವಾಯಿತು, ನೀವು ಹೋದಮೇಲೆ ಮೊದಲ ಸಲ. ಹೂಕುಂಡದ ಆಸರೆಗೆ ಕೊಡೆಯನ್ನು ಸಿಕ್ಕಿಸಿ ಇಬ್ಬರೂ ಒಳಗೆ ಬಂದೆವು. ಅಡುಗೆ ತಣ್ಣಗಾಗಿತ್ತು, ಬಿಸಿ ಮಾಡಿ ಉಂಡೆವು. ಆ ಗಾಳಿಯಲ್ಲಿ ಸುಧಾಳನ್ನು ನಾನು ಹೊರಡಗೊಡಲಿಲ್ಲ.

ಮರುದಿನ ಬೆಳಿಗ್ಗೆ ಗರಾಜಿನ ಬಾಗಿಲ ಸದ್ದಿಗೆ ನನಗೆ ಎಚ್ಚರವಾಯಿತು. ಬಂದು ನೋಡಿದರೆ ಗುರು ನಿಮ್ಮ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದರು. ಕಿಟಕಿಯ ಮುಂದಿಟ್ಟು, ಧೂಳು ಒರೆಸಿ, ಸ್ವಲ್ಪ ಎಡಕ್ಕೆ ತಿರುಗಿಸಿದರು, ನೀವು ಇಟ್ಟುಕೊಳ್ಳುತ್ತಿದ್ದ ಹಾಗೆ. ಹೊರಗೆ ಆಕಾಶ ತೊಳೆದಿಟ್ಟಂತಿತ್ತು. ಮತ್ತು ಬೆಟ್ಟ, ಅತ್ತೆ... ತುದಿಯಿಂದ ನಡುವಿನವರೆಗೂ ಬೆಳ್ಳಗಿತ್ತು. ಒಂದು ಚೂರೂ ಮೋಡವಿಲ್ಲ. ಬಿಸಿಲು ಬಿದ್ದ ಕಡೆ ಕಣ್ಣು ಕೋರೈಸುತ್ತಿತ್ತು. ನಿಮ್ಮ ಕುರ್ಚಿಗೆ ನೇರವಾಗಿ ಕಾಣುತ್ತದೆ, ನೀವು ಸರಿಯಾದ ಜಾಗವನ್ನೇ ಆರಿಸಿದ್ದಿರಿ.

ಕೊಡೆ ಎಲ್ಲಿಗೋ ಹಾರಿಹೋಗಿತ್ತು, ಪಿಂಡ ಮಳೆಗೆ ಕರಗಿ ಹರಿದಿತ್ತು. ನಾನು ಬಿಸಿ ಅನ್ನಕ್ಕೆ ಮೊಸರು, ತುಪ್ಪ ಕಲಸಿ ಎಲೆಯಲ್ಲಿಟ್ಟು ಬಂದೆ, ಶಾಸ್ತ್ರಕ್ಕೆ ಸರಿಯೋ ತಪ್ಪೋ ಗೊತ್ತಿಲ್ಲ. ಬಾಗಿಲು ಮುಚ್ಚುವಷ್ಟರಲ್ಲಿ ಒಂದು ಕಾಗೆ ಇಳಿಯಿತು. ಮೊದಲು ಅನ್ನದ ಕಡೆ ನೋಡಲಿಲ್ಲ. ಕಟ್ಟೆಯ ಮೇಲೆ ಬೆಟ್ಟದ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ಕೂತಿತ್ತು, ಆಮೇಲೆ ತಿಂದಿತು. ಬೇರೆ ದಿನವಾದರೆ ನಿಮ್ಮ ಮಗ, ಮಳೆಗೆ ಹಸಿದಿರ್ತದ, ತಿಂತದ, ಎನ್ನುತ್ತಿದ್ದರು. ಅಂದು ಕಿಟಕಿಯ ಗಾಜಿಗೆ ಕೈಯೂರಿ ಮೆಲ್ಲಗೆ, "ಬಂದ್ಯಾ ಅವ್ವಾ? ನೋಡು, ಪೂರಾ ನೋಡು," ಎಂದರು. ಬಿಸಿಲು ಏರಿ ಹಿಮ ಕರಗುವವರೆಗೂ ಆ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ.

ಇವತ್ತು ಸಂಜೆ ನಾನು ಚಹಾ ಸೋಸುತ್ತಿದ್ದಾಗ ಪಡಸಾಲೆಯಿಂದ ಟೀವಿಯ ಸದ್ದು ಕೇಳಿತು. ಹೋಗಿ ನೋಡಿದರೆ ಭೂಪಟ ಬಂದಿದೆ, ಗುರು ಎದ್ದು ಹೋಗಿಲ್ಲ. "ನಾಳೆ ಹವಾ ಹೆಂಗದಂತ?" ಎಂದು ಮಗಳನ್ನು ಕೇಳಿದರು. ಅನು ಆಗಲೇ ಮಿಲ್ಪಿಟಾಸಿಗೆ ಫೋನು ಹಚ್ಚಿದ್ದಳು. "ಸುಧಾತ್ತೆ, ನಾಳೆ ಫಾಗ್ ಭಾಳ ಅದ. ಡ್ರೈವ್ ನಿಧಾನ," ಎಂದಳು. ಅರ್ಧ ನಿಮ್ಮ ಕನ್ನಡ, ಅರ್ಧ ಅವಳದು.

ಕುರ್ಚಿ ಇನ್ನು ಗರಾಜಿಗೆ ಹೋಗುವುದಿಲ್ಲ ಅತ್ತೆ, ಇದು ನನ್ನ ಮಾತು. ಸಂಜೆಯ ವರದಿಯನ್ನು ನಾವು ಯಾರಾದರೊಬ್ಬರು ನೋಡುತ್ತೇವೆ, ಎಲ್ಲರಿಗೂ ಹೇಳುತ್ತೇವೆ. ನಿಮಗೆ ಮಾತ್ರ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ, ನೋಡಿ. ನಾಳೆ ನಲವತ್ತಂತೆ, ಇಲ್ಲಿಯ ನಲವತ್ತು. ಎಲ್ಲಿದ್ದೀರೋ ಅಲ್ಲಿ, ಸ್ವೆಟರ್ ಹಾಕಿಕೊಳ್ಳಿ.

ನಿಮ್ಮ ಸೊಸೆ,
ವೀಣಾ